ಬೆಂಗಳೂರಿನಿಂದ ಜರ್ಮನಿಗೆ: ಸ್ವಯಂಸೇವೆಯ ತರಬೇತಿಯ ದಿನಗಳಲ್ಲಿ ಆತಿಥೇಯರ ಮನೆಯಲ್ಲಿ ಬಾಳುವ ಬಗೆ

ಒಂದು ವರ್ಷದ ಸ್ವಯಂಸೇವೆಗೆಂದು ಜರ್ಮನಿಗೆ ಹೊರಡುವ ಬೆಂಗಳೂರಿನ ಹುಡುಗ ಹುಡುಗಿಯರು ವೀಸಾ, ವಿಮೆ, ಭಾಷಾ ಪರೀಕ್ಷೆ ಎಂದು ತಿಂಗಳುಗಟ್ಟಲೆ ಓಡಾಡುತ್ತಾರೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ತರಗತಿ ಮುಗಿಸಿ, ಮೆಟ್ರೊ ಹಿಡಿದು ಮನೆ ಸೇರುವ ಹೊತ್ತಿಗೆ ದಣಿದಿರುತ್ತಾರೆ. ಆದರೆ ಅಲ್ಲಿ ಇಳಿದ ಮೇಲೆ ಯಾರ ಮನೆಯಲ್ಲಿ ಉಂಡು ಮಲಗಬೇಕೋ ಆ ಮನೆಯಲ್ಲಿ ಹೇಗಿರಬೇಕು ಎಂಬುದನ್ನು ಕೂರಿಸಿಕೊಂಡು ಹೇಳುವವರು ಕಡಿಮೆ. ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿನಲ್ಲಿ, ವೃದ್ಧರ ಆರೈಕೆಯ ಮನೆಯೊಂದರಲ್ಲಿ ಸೇವೆ ಮಾಡಲು ಹೋದ ನಾನು ತರಬೇತಿಯ ದಿನಗಳನ್ನು ಆತಿಥೇಯ ಕುಟುಂಬವೊಂದರ ಜೊತೆ ಕಳೆದೆ. ಅಲ್ಲಿ ನನಗೆ ಎದುರಾದ ತೊಡಕುಗಳಲ್ಲಿ ಹೆಚ್ಚಿನವು ಭಾಷೆ ಬಾರದ್ದರಿಂದ ಹುಟ್ಟಲಿಲ್ಲ, ಸಂಕೋಚದಿಂದ ಹುಟ್ಟಿದವು. ಆದ್ದರಿಂದ ಈ ಬರಹದುದ್ದಕ್ಕೂ ಒಂದೇ ಮಾತನ್ನು ಬೇರೆ ಬೇರೆ ಸಂದರ್ಭಗಳಲ್ಲಿಟ್ಟು ಹೇಳುತ್ತಿದ್ದೇನೆ: ಬೇಕಾದ್ದನ್ನು ಬಾಯಿಬಿಟ್ಟು ಕೇಳಿ, ಆಗದ್ದನ್ನು ಬಾಯಿಬಿಟ್ಟು ಹೇಳಿ.

ಮೊದಲು ನಿಮ್ಮ ಸ್ಥಾನ ಏನೆಂದು ತಿಳಿದುಕೊಳ್ಳಿ. ಜರ್ಮನಿಯ ಸಂಯುಕ್ತ ಸರ್ಕಾರದ ಸ್ವಯಂಸೇವಾ ಯೋಜನೆ 2011ರಲ್ಲಿ ಆರಂಭವಾಯಿತು. ಅದಕ್ಕೂ ಮುಂಚೆ, 2008ರಲ್ಲಿ, ಜರ್ಮನ್ ಯುವಜನರನ್ನು ಹೊರದೇಶಗಳಿಗೆ ಕಳಿಸಲೆಂದು ಹುಟ್ಟಿದ ವೆಲ್ಟ್‌ವೇರ್ಟ್ಸ್ ಕಾರ್ಯಕ್ರಮವು ಮುಂದೆ ನಮ್ಮಂಥ ದೇಶಗಳ ಯುವಜನರನ್ನೂ ಅಲ್ಲಿಗೆ ಕರೆಸಿಕೊಳ್ಳತೊಡಗಿತು. ಸಂಯುಕ್ತ ಯೋಜನೆಯಲ್ಲಿ 27 ವರ್ಷದೊಳಗಿನವರು ಹನ್ನೆರಡು ತಿಂಗಳ ಸೇವೆಯ ಅವಧಿಯಲ್ಲಿ ಕನಿಷ್ಠ 25 ದಿನ ಸೆಮಿನಾರುಗಳಲ್ಲಿ ಕೂರಬೇಕು. ಊಟ, ವಸತಿ, ಕೈಖರ್ಚು ಯಾರ ಹೊಣೆ ಎಂಬುದು ನೀವು ಸಹಿ ಹಾಕುವ ಒಪ್ಪಂದದಲ್ಲಿರುತ್ತದೆ. ಹೊರಡುವ ಮುನ್ನವೇ ಅದನ್ನು ಸಾಲು ಸಾಲಾಗಿ ಓದಿ, ಆ ಕುಟುಂಬಕ್ಕೆ ನಿಮ್ಮ ಖರ್ಚಿನ ಹಣ ಸಲ್ಲುತ್ತದೆಯೋ ಇಲ್ಲವೋ ಎಂದು ಕೇಳಿ ತಿಳಿಯಿರಿ. ಆತಿಥೇಯರ ಮನೆ ನಮ್ಮ ಪಿಜಿಯಂತೆ ಬಾಡಿಗೆ ಕೊಟ್ಟು ಬಾಗಿಲು ಹಾಕಿಕೊಳ್ಳುವ ಜಾಗವಲ್ಲ. ಕೂತಲ್ಲಿಗೆ ತಟ್ಟೆ ಬರುವ ನೆಂಟರ ಮನೆಯೂ ಅಲ್ಲ. ಮನೆಗೆಲಸದಲ್ಲಿ ಪಾಲು ತೆಗೆದುಕೊಳ್ಳುವ ದೊಡ್ಡ ಮಗುವಿನ ಜಾಗ ನಿಮ್ಮದು.

ಹೊರಡುವ ಮುನ್ನ

ಕುಟುಂಬದ ವಿಳಾಸ ಸಿಕ್ಕ ಕೂಡಲೇ ಒಂದು ಪತ್ರ ಬರೆಯಿರಿ. ನಿಮ್ಮ ಊರು, ಮನೆ, ಓದುಗಳ ಜೊತೆಗೆ ಅಲರ್ಜಿ, ಔಷಧ, ನಾಯಿ ಬೆಕ್ಕುಗಳ ಭಯ ಇದ್ದರೆ ಅದನ್ನೂ ತಿಳಿಸಿ. ಸಸ್ಯಾಹಾರಿ ಎಂದಷ್ಟೇ ಬರೆದರೆ ಸಾಲದು. ಮೊಟ್ಟೆ ಆಗುತ್ತದೆಯೇ, ಮೀನು ಆಗುತ್ತದೆಯೇ, ಮಾಂಸದ ಸಾರಿನಲ್ಲಿ ಬೆಂದ ತರಕಾರಿ ಆಗುತ್ತದೆಯೇ, ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಹಾಕಿದ ಮಿಠಾಯಿ ಆಗುತ್ತದೆಯೇ ಎಂದು ಬಿಡಿಸಿ ಬರೆಯಿರಿ. ಮೇಜಿನ ಮುಂದೆ ಕೂತ ಮೇಲೆ ಹೇಳಿದರೆ ಅಡುಗೆ ಮಾಡಿದವರಿಗೆ ನೋವಾಗುತ್ತದೆ.

ಸೂಟ್‌ಕೇಸಿನಲ್ಲಿ ತುಪ್ಪವನ್ನಾಗಲಿ ಹಸಿ ಕರಿಬೇವನ್ನಾಗಲಿ ಇಡಬೇಡಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನ, ಮಾಂಸ ಮತ್ತು ಪ್ರಮಾಣಪತ್ರವಿಲ್ಲದ ಹಸಿ ಸೊಪ್ಪುಗಳನ್ನು ಒಯ್ಯುವಂತಿಲ್ಲ. ಸಾರಿನ ಪುಡಿ, ಚಟ್ನಿಪುಡಿ, ಕಾಫಿಪುಡಿ, ಒಂದು ಸ್ಟೀಲ್ ಫಿಲ್ಟರ್ ಸಾಕು. ಉಡುಗೊರೆ ಸರಳವಾಗಿರಲಿ. ಆ ಮನೆಯ ಮಗುವಿಗೆಂದು ಒಯ್ದ ಚನ್ನಪಟ್ಟಣದ ಬುಗುರಿ, ದೊಡ್ಡವರಿಗೆಂದು ಒಯ್ದ ಮೈಸೂರು ಸ್ಯಾಂಡಲ್ ಸೋಪು, ಎರಡೂ ಅವು ಯಾವ ಊರಿನವು, ಹೇಗೆ ಮಾಡುತ್ತಾರೆ ಎಂಬ ಮಾತಿಗೆ ದಾರಿ ಮಾಡಿಕೊಟ್ಟವು. ಹರಕು ಜರ್ಮನ್‌ನಲ್ಲಿ ಮೊದಲ ಸಂಜೆ ಮಾತಾಡಲು ನನಗೆ ಸಿಕ್ಕಿದ್ದ ವಿಷಯವೇ ಅದು.

ಮೊದಲ ವಾರ

ಮನೆ ಸೇರಿದ ಎರಡು ವಾರದೊಳಗೆ ಅಲ್ಲಿನ ಪೌರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಯವರು ಸಹಿ ಮಾಡಿದ ವಾಸದ ದೃಢೀಕರಣ ಬೇಕಾಗುವುದರಿಂದ ಮೊದಲ ದಿನವೇ ಕೇಳಿ. ಬ್ಯಾಂಕ್ ಖಾತೆಯಂಥ ಮುಂದಿನ ಕೆಲಸಗಳಿಗೆಲ್ಲ ಆ ಕಾಗದವೇ ಮೂಲ. ಪಾಸ್‌ಪೋರ್ಟ್ ಮಾತ್ರ ಯಾವಾಗಲೂ ನಿಮ್ಮ ಬಳಿಯೇ ಇರಲಿ.

ಕರೆಯುವ ರೀತಿ ಮೊದಲ ಪರೀಕ್ಷೆ. ಜರ್ಮನ್‌ನಲ್ಲಿಯೂ ನಮ್ಮ ನೀನು, ನೀವು ಎಂಬಂತೆ ಡು ಮತ್ತು ಜೀ ಎಂಬ ಎರಡು ರೂಪಗಳಿವೆ. ಆದರೆ ಮನೆಯೊಳಗೆ ಎಲ್ಲರೂ ಎಲ್ಲರಿಗೂ ಡು ಎನ್ನುತ್ತಾರೆ, ಹೆಸರು ಹಿಡಿದೇ ಕರೆಯುತ್ತಾರೆ. ಅಮ್ಮನ ವಯಸ್ಸಿನವರನ್ನು ಬರೀ ಹೆಸರಿನಿಂದ ಕರೆಯಲು ನನಗೆ ನಾಲಿಗೆ ಏಳಲಿಲ್ಲ. ಮೊದಲ ದಿನಗಳಲ್ಲಿ ಏನನ್ನೂ ಕರೆಯದೆ, ಅವರು ತಿರುಗಿ ನೋಡುವವರೆಗೂ ಕಾಯುತ್ತಿದ್ದೆ. ಕಡೆಗೆ ಅವರೇ, ನಿನಗೆ ನನ್ನ ಮೇಲೆ ಬೇಸರವೇ ಎಂದು ಕೇಳಿದರು. ನಮ್ಮಲ್ಲಿ ದೊಡ್ಡವರನ್ನು ಹೆಸರಿನಿಂದ ಕರೆಯುವುದಿಲ್ಲ, ಅದಕ್ಕೇ ಹಿಂಜರಿಯುತ್ತಿದ್ದೇನೆ ಎಂದು ಅಂದೇ ಹೇಳಿದೆ; ಆ ಮಾತನ್ನು ಮೊದಲ ದಿನವೇ ಹೇಳಬಹುದಾಗಿತ್ತು. ಹೊರಗಿನ ಹಿರಿಯರಿಗೆ, ಕಚೇರಿಯವರಿಗೆ ಮಾತ್ರ ಜೀ ತಪ್ಪಬಾರದು.

ಊಟದ ಮೇಜಿನಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟು ಕಾದಿರುತ್ತದೆ. ನಮ್ಮ ಮನೆಗಳಲ್ಲಿ ಬಡಿಸುವವರು ಬಲವಂತ ಮಾಡಬೇಕು, ಉಣ್ಣುವವರು ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲ ತಟ್ಟೆ ಮುಂದೆ ಮಾಡಬೇಕು. ಉಪಚಾರದ ಪದ್ಧತಿಯೇ ಹಾಗೆ. ಜರ್ಮನಿಯಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥ. ಇನ್ನೊಮ್ಮೆ ಕೇಳದೆ ಇರುವುದೇ ಅವರ ಪ್ರಕಾರ ಮರ್ಯಾದೆ. ಅದಕ್ಕಿಂತ ಸೂಕ್ಷ್ಮವಾದದ್ದೆಂದರೆ, ಯಾರಾದರೂ ಬ್ರೆಡ್ ಬುಟ್ಟಿ ಚಾಚಿದಾಗ ನೀವು ಬರೀ ಡಾಂಕೆ ಎಂದರೆ, ಧನ್ಯವಾದ ಹೇಳಿ ತೆಗೆದುಕೊಳ್ಳುತ್ತೀರಿ ಎಂದು ಅವರು ತಿಳಿಯುವುದಿಲ್ಲ, ನಿರಾಕರಿಸಿದಿರಿ ಎಂದು ತಿಳಿದು ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನಾನು ಒಂದಿಡೀ ಸಂಜೆ ಹಾಗೆ ಅರೆಹೊಟ್ಟೆಯಲ್ಲಿ ಎದ್ದೆ. ಬೇಕಿದ್ದರೆ ಯಾ, ಗೆರ್ನೆ, ಅಂದರೆ ಹೌದು, ಖುಷಿಯಿಂದ, ಎನ್ನಿ. ರಾತ್ರಿಯೂಟಕ್ಕೆ ಹಲವು ಮನೆಗಳಲ್ಲಿ ಬಿಸಿ ಅಡುಗೆ ಇರುವುದಿಲ್ಲ. ಬ್ರೆಡ್, ಬೆಣ್ಣೆ, ಚೀಸ್, ಸೌತೆಕಾಯಿ, ಇಷ್ಟೇ. ಬಿಸಿ ಅನ್ನ ಬೇಕೆನಿಸಿದರೆ ವಾರದಲ್ಲಿ ಯಾವ ದಿನ ಅಡುಗೆಮನೆ ಬಿಡುವಾಗಿರುತ್ತದೆ ಎಂದು ಕೇಳಿ, ಎಲ್ಲರಿಗೂ ಸೇರಿಸಿ ಮಾಡಿ. ಒಗ್ಗರಣೆ ಹಾಕುವ ಮುನ್ನ ಕಿಟಕಿ ತೆರೆದು ಫ್ಯಾನ್ ಹಾಕಿ. ಹೊಗೆ ಎಚ್ಚರಿಕೆಯ ಸಾಧನ ಅಲ್ಲಿನ ಮನೆಗಳಲ್ಲಿ ಕಡ್ಡಾಯ. ಕುಕ್ಕರ್ ಬಳಸುವಿರಾದರೆ ಅದರ ಸೀಟಿಯ ಬಗ್ಗೆ ಮೊದಲೇ ಹೇಳಿಬಿಡಿ.

ಬಚ್ಚಲುಮನೆ

ಇದನ್ನು ಬರೆಯಲು ಹಿಂಜರಿಯುವವರೇ ಹೆಚ್ಚು, ಆದ್ದರಿಂದಲೇ ವಿವರವಾಗಿ ಬರೆಯುತ್ತೇನೆ. ನಮ್ಮ ಬಚ್ಚಲಿನ ನೆಲ ನೀರು ಬೀಳಲೆಂದೇ ಇರುವಂಥದ್ದು. ಮೂಲೆಯಲ್ಲಿ ಜಾಲರಿ ಇರುತ್ತದೆ, ನೆಲ ಅತ್ತ ಇಳಿಜಾರಾಗಿರುತ್ತದೆ. ಅಲ್ಲಿ ಬಹುಪಾಲು ಮನೆಗಳಲ್ಲಿ ಶವರ್ ತೊಟ್ಟಿಯ ಹೊರಗೆ ನೀರು ಹೋಗಲು ದಾರಿಯೇ ಇರುವುದಿಲ್ಲ. ಎರಡನೆಯ ದಿನ ನಾನು ಪರದೆಯನ್ನು ತೊಟ್ಟಿಯ ಹೊರಗೆ ಬಿಟ್ಟು ಸ್ನಾನ ಮಾಡಿದೆ. ಬಟ್ಟೆಯ ಕಾಲೊರಸು ನೆನೆದು, ನೀರು ಬಾಗಿಲಿನ ಕೆಳಗಿಂದ ಹಾದು ಹೊರಗಿನ ಮರದ ಹಲಗೆಗಳವರೆಗೆ ಹರಿದಿತ್ತು. ಮನೆಯೊಡೆಯರು ಒಂದೂ ಮಾತಾಡದೆ ಮೊಣಕಾಲೂರಿ ಹಲಗೆಯ ಸಂದುಗಳನ್ನು ಟವೆಲ್ಲಿನಿಂದ ಒತ್ತಿ ಒತ್ತಿ ಒರೆಸಿದರು. ಮರ ಉಬ್ಬಿದರೆ ರಿಪೇರಿಗೆ ಬಹಳ ಖರ್ಚು ಎಂದು ಮರುದಿನ ತಿಳಿಯಿತು. ಪರದೆ ತೊಟ್ಟಿಯ ಒಳಗಿರಲಿ, ಸ್ನಾನವಾದ ಮೇಲೆ ಗಾಜು ಮತ್ತು ಗೋಡೆಯ ಟೈಲ್ಸ್ ಮೇಲಿನ ನೀರನ್ನು ರಬ್ಬರ್ ಪಟ್ಟಿಯಿಂದ ಎಳೆಯಿರಿ, ಕೆಲವು ನಿಮಿಷ ಕಿಟಕಿಯನ್ನು ಪೂರ್ತಿ ತೆರೆದಿಡಿ. ಚಳಿಗಾಲದಲ್ಲಿಯೂ ಹೀಗೆ ಗಾಳಿಯಾಡಿಸುವುದು ಅಲ್ಲಿ ದಿನನಿತ್ಯದ ರೂಢಿ. ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಶೌಚಕ್ಕೆ ನೀರೇ ಬೇಕೆನ್ನುವವರು ಒಂದು ಸಣ್ಣ ಬಾಟಲಿ ಇಟ್ಟುಕೊಳ್ಳಿ. ಅದು ಏತಕ್ಕೆಂದು ಯಾರಾದರೂ ಕೇಳಿದರೆ ಇದ್ದದ್ದನ್ನು ಹೇಳಿ, ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಕಸದ ವಿಷಯದಲ್ಲಿ ಬೆಂಗಳೂರಿನವರಿಗೆ ಅರ್ಧ ಪಾಠ ಆಗಿರುತ್ತದೆ, ಹಸಿ ಕಸ ಒಣ ಕಸ ಬೇರ್ಪಡಿಸಿ ನಮಗೆ ಅಭ್ಯಾಸವಿದೆ. ಅಲ್ಲಿ ಹಸಿ ಕಸ, ಕಾಗದ, ಪೊಟ್ಟಣದ ಪ್ಲಾಸ್ಟಿಕ್, ಉಳಿದದ್ದು ಎಂದು ನಾಲ್ಕು. ಗಾಜನ್ನು ಬಣ್ಣದ ಪ್ರಕಾರ ಬೀದಿಯ ಡಬ್ಬಗಳಿಗೆ ಹಾಕಬೇಕು. ಒಂದೇ ಸಲ ಬಳಸುವ ನೀರಿನ ಬಾಟಲಿಗೆ 25 ಸೆಂಟ್ ಠೇವಣಿ ಇರುವುದರಿಂದ ಅದನ್ನು ಎಸೆಯದೆ ಅಂಗಡಿಗೆ ಮರಳಿಸಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಬೇಕಾದ್ದನ್ನು ಶನಿವಾರವೇ ತನ್ನಿ. ರಾತ್ರಿ ಹತ್ತರ ನಂತರ ಸದ್ದು ಮಾಡುವುದಿಲ್ಲ.

ಸೆಮಿನಾರು ಮುಗಿಸಿ ಬಂದ ಸಂಜೆ

ದಿನವಿಡೀ ಜರ್ಮನ್ ಕೇಳಿದ ತಲೆ ಸಂಜೆಗೆ ಭಾರವಾಗಿರುತ್ತದೆ. ಕೋಣೆ ಸೇರಿ ಅಮ್ಮನಿಗೆ ಫೋನ್ ಹಚ್ಚುವ ಆಸೆ ಬಲವಾಗಿರುತ್ತದೆ. ಅಲ್ಲಿ ಸಂಜೆ ಏಳು ಎಂದರೆ ಚಳಿಗಾಲದಲ್ಲಿ ನಮ್ಮೂರಿನಲ್ಲಿ ರಾತ್ರಿ ಹನ್ನೊಂದೂವರೆ, ಬೇಸಿಗೆಯಲ್ಲಿ ಹತ್ತೂವರೆ. ಊರಿನಲ್ಲಿರುವ ಮನೆಯವರ ಜೊತೆ ಕರೆಯ ಹೊತ್ತನ್ನು ಭಾನುವಾರ ಮಧ್ಯಾಹ್ನಕ್ಕೆ ಗೊತ್ತು ಮಾಡಿಕೊಳ್ಳಿ, ವಾರದ ಸಂಜೆಗಳನ್ನು ಆತಿಥೇಯರಿಗೆ ಬಿಡಿ. ಮಾತಾಡುವ ಚೈತನ್ಯ ಇಲ್ಲದ ದಿನ, ಇವತ್ತು ನನ್ನ ತಲೆ ತುಂಬಿದೆ, ಸುಮ್ಮನೆ ಜೊತೆಗೆ ಕೂರುತ್ತೇನೆ ಎಂದು ಹೇಳಿ ತರಕಾರಿ ಹೆಚ್ಚಿಕೊಡಿ. ನನಗೆ ಸೆಮಿನಾರಿನಲ್ಲಿ ಬಾರದ ಕ್ರಿಯಾಪದಗಳೆಲ್ಲ ಆಲೂಗಡ್ಡೆಯ ಸಿಪ್ಪೆ ತೆಗೆಯುವಾಗ ಬಂದವು. ತಪ್ಪಾದರೆ ತಿದ್ದಿ ಎಂದು ನೀವಾಗಿ ಕೇಳಬೇಕು. ಕೇಳದಿದ್ದರೆ ಅವರು ನಿಮ್ಮ ಮನಸ್ಸು ನೋಯಿಸಬಾರದೆಂದು ಸುಮ್ಮನಿರಬಹುದು.

ಹೊಂದಿಕೆಯಾಗದಿದ್ದರೆ

ಎಲ್ಲ ಮನೆಗಳೂ ಎಲ್ಲರಿಗೂ ಒಗ್ಗುವುದಿಲ್ಲ. ಸಣ್ಣ ಬೇಸರಗಳನ್ನು ಅಂದೇ ಮನೆಯವರಿಗೇ ಹೇಳಿ. ಬೆನ್ನ ಹಿಂದೆ ನಿಮ್ಮ ಸ್ವಯಂಸೇವೆ ನಡೆಸುವ ಸಂಸ್ಥೆಗೆ ದೂರು ಹೋದರೆ ವಿಶ್ವಾಸ ಮುರಿಯುತ್ತದೆ. ಆದರೆ ಮಿತಿಮೀರಿದ ಮನೆಗೆಲಸ, ಅವಮಾನ, ಮೈಮೇಲೆ ಕೈಹಾಕುವುದು ಇವುಗಳಿಗೆ ಹೊಂದಿಕೊಂಡು ಹೋಗು ಎಂಬ ನಮ್ಮ ಹಿರಿಯರ ಮಾತು ಅನ್ವಯಿಸುವುದಿಲ್ಲ. ತಡಮಾಡದೆ ನಿಮ್ಮ ಮಾರ್ಗದರ್ಶಕರಿಗೆ ತಿಳಿಸಿ, ಮನೆ ಬದಲಿಸಿಕೊಡಲು ಕೇಳಿ. ತುರ್ತು ಸಂದರ್ಭದಲ್ಲಿ ಪೊಲೀಸರಿಗೆ 110, ಆಂಬುಲೆನ್ಸಿಗೆ 112. ಹಿಂಸೆಗೊಳಗಾದ ಹೆಣ್ಣುಮಕ್ಕಳಿಗೆ 116 016 ಎಂಬ ಉಚಿತ ಸಹಾಯವಾಣಿ ಹಗಲೂ ರಾತ್ರಿ ಇದೆ. ಆತಿಥೇಯರ ಮನೆ ಬಿಟ್ಟು ಬಂದೆನೆಂಬ ಅಳುಕು ಬೇಡ. ಬೆಂಗಳೂರಿನಲ್ಲಿರುವ ಅಪ್ಪ ಅಮ್ಮನಿಗೂ ಈ ಮಾತನ್ನು ಹೊರಡುವ ಮುಂಚೆಯೇ ತಿಳಿಸಿಟ್ಟಿರಿ, ಆಗ ಅವರೂ ಗಾಬರಿಯಾಗುವುದಿಲ್ಲ.

ತರಬೇತಿ ಮುಗಿದು ಸೇವೆಯ ಊರಿಗೆ ಹೊರಡುವಾಗ ಹಾಸಿಗೆಯ ಬಟ್ಟೆಗಳನ್ನು ತೆಗೆದು ಒಗೆಯಲು ಹಾಕಿ, ಕೋಣೆ ಗುಡಿಸಿ, ಬೀಗದ ಕೈಯನ್ನು ಅವರ ಕೈಗೇ ಕೊಡಿ. ಹೊಸ ಊರಿನಲ್ಲಿ ಮತ್ತೆ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಮರೆಯಬೇಡಿ. ತಲುಪಿದ ರಾತ್ರಿಯೇ ಹಳೆಯ ಮನೆಗೆ ಒಂದು ಫೋನ್ ಮಾಡಿ. ಅಲ್ಲಿ ನಿಮ್ಮ ಕರೆಗಾಗಿ ಕಾಯುತ್ತಿರುತ್ತಾರೆ.