ಯಜಮಾನರು ಬದಲಾಗುವ ಮನೆಯಲ್ಲಿ ಬಡಿಸಿದವನ ಅನುಭವ

ಕುಂದಾಪುರದ ಕಡೆಯ ಹುಡುಗರು ಹೋಟೆಲ್ ಕೆಲಸಕ್ಕೆಂದು ಮುಂಬಯಿಗೋ ಬೆಂಗಳೂರಿಗೋ ಹೋಗುವುದು ವಾಡಿಕೆ. ನಾನು ಸೋದರಮಾವನ ಜೊತೆ ದಿಲ್ಲಿಗೆ ಹೋದವನು. ಕರೋಲ್ ಬಾಗ್‌ನ ಇಡ್ಲಿ-ದೋಸೆಯ ಹೋಟೆಲೊಂದರಲ್ಲಿ ಕೆಲವು ವರ್ಷ ಸಪ್ಲೈಯರ್ ಆಗಿ ದುಡಿದ ಮೇಲೆ, 1986ರಲ್ಲಿ ರಾಷ್ಟ್ರಪತಿ ಭವನದ ಅಡುಗೆಮನೆಗೆ ಮಸಾಲ್ಚಿಯಾಗಿ, ಅಂದರೆ ಪಾತ್ರೆ ತೊಳೆದು ಅಡುಗೆಯವರಿಗೆ ಕೈನೆರವಾಗುವವನಾಗಿ ಸೇರಿದೆ. 2018ರಲ್ಲಿ ಬಟ್ಲರ್ ಆಗಿ ನಿವೃತ್ತನಾದೆ. ಈ ನಡುವೆ ಆ ಮನೆಯ ಯಜಮಾನರು ಏಳು ಬಾರಿ ಬದಲಾದರು, ನಾವು ಮಾತ್ರ ಅಲ್ಲೇ ಉಳಿದೆವು.

1977ರಿಂದೀಚೆಗೆ ಹೊಸ ರಾಷ್ಟ್ರಪತಿಗಳು ಪ್ರಮಾಣವಚನ ಸ್ವೀಕರಿಸುವುದು ಜುಲೈ 25ರಂದು. (ಆ ವರ್ಷ ಫೆಬ್ರುವರಿಯಿಂದ ಅದೇ ದಿನದವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ನಮ್ಮ ಬಿ.ಡಿ. ಜತ್ತಿಯವರು ಎಂಬುದನ್ನು ಉತ್ತರದ ಗೆಳೆಯರಿಗೆ ನಾನು ಆಗಾಗ ಹೇಳುತ್ತಿದ್ದೆ.) ನಿರ್ಗಮಿಸುವವರು ಮತ್ತು ಬರುವವರು ಇಬ್ಬರೂ ಒಟ್ಟಿಗೆ ಸಂಸತ್ ಭವನಕ್ಕೆ ಹೊರಟು, ಪ್ರಮಾಣವಚನ ಮುಗಿಸಿ ಮರಳುವಷ್ಟರಲ್ಲಿ, ಬೆಳಿಗ್ಗೆ ಒಬ್ಬರು ಚಹಾ ಕುಡಿದ ಕೋಣೆ ಮತ್ತೊಬ್ಬರದಾಗಿರಬೇಕು. ಸಾಮಾನುಗಳು ಮೊದಲೇ ಸಾಗಿರುತ್ತವೆ, ಉಳಿಯುವುದು ಹಾಸಿಗೆಯ ಹೊದಿಕೆ, ಟವೆಲ್, ಮೇಜಿನ ಮೇಲಿನ ನೀರಿನ ಲೋಟದಂಥ ಸಣ್ಣವು. ಆದರೆ ಐದು ವರ್ಷ ದಿನವೂ ಕಂಡ ಮುಖವನ್ನು ಬೀಳ್ಕೊಟ್ಟ ಗಂಟಲಿನಲ್ಲೇ ಹೊಸಬರಿಗೆ ನಮಸ್ಕಾರ ಹೇಳುವುದು ನನಗೆ ಏಳನೆಯ ಸಲವೂ ಸುಲಭವಾಗಲಿಲ್ಲ.

ನಿಜವಾದ ಕೆಲಸ ಶುರುವಾಗುವುದು ಮರುದಿನದಿಂದ. ಹೊಸಬರು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಾರೆಯೇ, ಮೊಸರು ಊಟದ ಜೊತೆಗೋ ಕೊನೆಗೋ ಎಂಬುದನ್ನು ಅವರ ಮನೆಯವರನ್ನೇ ಕೇಳಿದರೆ ಬಹುಪಾಲು ಸಂಕೋಚದಿಂದ ‘ಏನಾದರೂ ನಡೆಯುತ್ತದೆ’ ಎಂಬ ಉತ್ತರ ಬರುತ್ತದೆ. ಆದ್ದರಿಂದ ನಾನು ಕೇಳುವುದನ್ನು ಬಿಟ್ಟು, ಹಿಂದಿರುಗಿದ ತಟ್ಟೆಯನ್ನು ನೋಡುವುದನ್ನು ರೂಢಿಸಿಕೊಂಡೆ. ಮೂರು ದಿನ ಒಂದೇ ಪಲ್ಯ ಬದಿಗೆ ಸರಿದಿದ್ದರೆ ನಾಲ್ಕನೆಯ ದಿನ ಅದು ಮೇಜಿಗೆ ಹೋಗುತ್ತಿರಲಿಲ್ಲ. ಏಕೆಂದು ಯಾರೂ ಕೇಳುತ್ತಲೂ ಇರಲಿಲ್ಲ.

ಔತಣದ ದಿನಗಳ ಲೆಕ್ಕವೇ ಬೇರೆ. 340 ಕೋಣೆಗಳ ಆ ಭವನದ ಬ್ಯಾಂಕ್ವೆಟ್ ಹಾಲ್‌ನಲ್ಲಿ ಒಂದೇ ಉದ್ದನೆಯ ಮೇಜಿಗೆ 104 ಜನ ಕೂರುತ್ತಾರೆ. ಗೋಡೆಯ ಮೇಲೆ ಹಿಂದಿನ ರಾಷ್ಟ್ರಪತಿಗಳ ಭಾವಚಿತ್ರಗಳಿದ್ದು, ಅವುಗಳ ಬಳಿಯ ಪುಟ್ಟ ದೀಪಗಳನ್ನು ಅತಿಥಿಗಳು ಅಲಂಕಾರವೆಂದೇ ಭಾವಿಸುತ್ತಾರೆ. ಯಾವಾಗ ಬಡಿಸಬೇಕು, ಯಾವಾಗ ತಟ್ಟೆ ತೆಗೆಯಬೇಕು ಎಂಬ ಸೂಚನೆ ನಮಗೆ ಸಿಗುವುದು ಆ ದೀಪಗಳಿಂದ. ಒಂದು ಮಾತೂ ಇಲ್ಲದೆ ನಾವೆಲ್ಲರೂ ಏಕಕಾಲಕ್ಕೆ ಹೆಜ್ಜೆಯಿಡುವುದು ಅದರಿಂದಲೇ ಸಾಧ್ಯ. ಬಡಿಸುವುದು ಅತಿಥಿಯ ಎಡದಿಂದ, ತಟ್ಟೆ ತೆಗೆಯುವುದು ಬಲದಿಂದ. ತಟ್ಟೆಯ ಮೇಲಿನ ಲಾಂಛನ ಅತಿಥಿಗೆ ನೆಟ್ಟಗೆ ಕಾಣುವಂತಿರಬೇಕು.

ಆರಂಭದ ದಿನಗಳಲ್ಲಿ ನನ್ನಿಂದ ಒಂದು ತಪ್ಪಾಯಿತು. ದೀಪ ಬೆಳಗಿದ್ದನ್ನು ಕಂಡು, ಮಾತಿನಲ್ಲಿ ಮುಳುಗಿದ್ದ ವಿದೇಶಿ ಅತಿಥಿಯೊಬ್ಬರ ಅರ್ಧ ತುಂಬಿದ ತಟ್ಟೆಯನ್ನು ಎತ್ತಿಬಿಟ್ಟೆ. ಅವರು ಕೈಯಲ್ಲಿ ಫೋರ್ಕ್ ಹಿಡಿದುಕೊಂಡೇ ನನ್ನತ್ತ ನೋಡಿ ನಕ್ಕರು. ಆ ರಾತ್ರಿ ಹಿರಿಯ ಖಾನ್‌ಸಾಮಾ ಬೈಯಲಿಲ್ಲ. ‘ಬೇಟಾ, ದೀಪ ನೋಡಿದ ಮೇಲೆ ಚಾಕು-ಫೋರ್ಕ್ ನೋಡು, ಎರಡೂ ಜೋಡಿಯಾಗಿ ಮಲಗಿದ್ದರೆ ಮಾತ್ರ ಊಟ ಮುಗಿದಂತೆ’ ಎಂದರು. ಉಂಡ ಬಾಳೆಎಲೆಯನ್ನು ಮಡಚುವವರೆಗೆ ಪಂಕ್ತಿಯಿಂದ ಯಾರನ್ನೂ ಎಬ್ಬಿಸದ ಊರಿನಿಂದ ಬಂದ ನನಗೆ ಅದು ಹೊಳೆಯದೆ ಹೋದದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಅಬ್ದುಲ್ ಕಲಾಂ ಅವರ ಕಾಲದ ಒಂದು ಸಂಗತಿ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಹೇಳಬಹುದು. 2006ರಲ್ಲಿ ಅವರ ಬಂಧುಗಳು ಬಂದು ತಂಗಿದ್ದಾಗ ಅವರಿಗಾಗಿ ಆದ ಖರ್ಚನ್ನೆಲ್ಲ, ಕುಡಿದ ಒಂದೊಂದು ಕಪ್ ಚಹಾದ ಸಮೇತ, ಲೆಕ್ಕ ಇಡಬೇಕೆಂದು ಅಪ್ಪಣೆಯಾಗಿತ್ತು. ಕೊನೆಗೆ ಮೂರೂವರೆ ಲಕ್ಷ ರೂಪಾಯಿಗೂ ಮಿಕ್ಕಿದ ಮೊತ್ತವನ್ನು ಅವರು ಸ್ವಂತ ಹಣದಿಂದ ಕಟ್ಟಿದರು. ಬಡಿಸುವವರಿಗೆ ಕಪ್ ಎಣಿಸುವುದು ಮುಜುಗರದ ಕೆಲಸ. ಎದುರಿಗೆ ನಿಂತು ಬರೆಯದೆ, ಟ್ರೇ ಒಳಗೆ ಬಂದ ಮೇಲೆ ಖಾಲಿ ಕಪ್‌ಗಳನ್ನು ಎಣಿಸಿ ಗುರುತು ಹಾಕಿಕೊಳ್ಳುತ್ತಿದ್ದೆವು. ಇದಕ್ಕಿಂತ ಒಳಗಿನ ಮಾತುಗಳನ್ನು ನಾನು ಮನೆಯಲ್ಲೂ ಆಡಿದವನಲ್ಲ. ಊಟದ ಮೇಜಿನ ಬಳಿ ಕಿವಿಗೆ ಬಿದ್ದದ್ದನ್ನು ಅಲ್ಲೇ ಬಿಟ್ಟು ಬರದವರು ಆ ಕೆಲಸಕ್ಕೆ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ವಸತಿ ಆವರಣದೊಳಗೇ ಇತ್ತು. ಮಕ್ಕಳ ಶಾಲೆಯೂ ಅಲ್ಲೇ. ಅವರು ಓದಿ ಹೊರಬಿದ್ದ ಎಷ್ಟೋ ವರ್ಷಗಳ ನಂತರ, 2015ರಲ್ಲಿ, ಪ್ರಣಬ್ ಮುಖರ್ಜಿಯವರು ಅದೇ ಶಾಲೆಯ ಮಕ್ಕಳಿಗೆ ಪಾಠ ಮಾಡಿದಾಗ ನನ್ನ ಮಗಳು ಫೋನಿನಲ್ಲಿ ‘ಅಪ್ಪ, ನಮ್ಮ ಕಾಲದಲ್ಲಿ ಯಾಕೆ ಬರಲಿಲ್ಲ?’ ಎಂದು ಜಗಳ ತೆಗೆದಳು. ನೌಕರರ ಹೆಂಡತಿಯರ ದೂರು ಬೇರೆಯದೇ ಆಗಿರುತ್ತಿತ್ತು. ಆಗಸ್ಟ್ 15 ಮತ್ತು ಜನವರಿ 26ರಂದು ದೇಶಕ್ಕೆಲ್ಲ ರಜೆ, ಭವನದಲ್ಲಿ ಮಾತ್ರ ಅತಿಥಿ ಸತ್ಕಾರ. ಮೂವತ್ತೆರಡು ವರ್ಷಗಳಲ್ಲಿ ಆ ಎರಡು ದಿನ ನಾನು ಮನೆಯಲ್ಲಿ ಕುಳಿತು ಉಂಡ ನೆನಪಿಲ್ಲ.

ಕೊನೆಯ ದಿನ ಸಮವಸ್ತ್ರ, ಕ್ವಾರ್ಟರ್ಸ್‌ನ ಬೀಗದ ಕೈ, ಗುರುತಿನ ಚೀಟಿ ಎಲ್ಲವನ್ನೂ ಒಪ್ಪಿಸಿದೆ. ಬಿಳಿ ಕೈಗವಸುಗಳಲ್ಲಿ ಒಂದು ಜೊತೆ ಕಡಿಮೆಯಿದೆಯೆಂದು ಗುಮಾಸ್ತರು ಹೇಳಿದಾಗ ನನ್ನ ಜೇಬು ತಡಕಿದೆ. ಹಿಂದಿನ ರಾತ್ರಿಯ ಔತಣದ್ದು ಅಲ್ಲೇ ಇತ್ತು, ಬೆರಳ ತುದಿಯಲ್ಲಿ ಸಾರಿನ ಕಲೆಯ ಸಮೇತ.