ನಕ್ಷೆ ಆಮೇಲೆ ನೋಡುವ, ಮೊದಲು ಮಳೆ ಬರಲಿ

ಕಾಸರಗೋಡಿನ ಹತ್ತಿರ ನನ್ನದೊಂದು ಸಣ್ಣ ನರ್ಸರಿ ಉಂಟು. ಗಿಡ ಮಾರುವುದರ ಜೊತೆಗೆ ಮನೆಯಂಗಳ, ಶಾಲೆ ಅಂತ ತೋಟ ಮಾಡಿಕೊಡುವ ಕೆಲಸವನ್ನೂ ಮಾಡುತ್ತೇನೆ. ನಮ್ಮ ವಾರ್ಡಿನಲ್ಲಿ ಸುಮಾರು ಅರ್ಧ ಎಕರೆ ಖಾಲಿ ಜಾಗವನ್ನು ಪಾರ್ಕ್ ಮಾಡುವುದೆಂದು ತೀರ್ಮಾನವಾದಾಗ, "ನೀವೇ ಒಂದು ನಕ್ಷೆ ಮಾಡಿಕೊಡಿ ಮಾರಾಯ್ರೆ" ಎಂದರು. ಅದಕ್ಕೆ ಮೊದಲೇ ಒಂದು ನಕ್ಷೆ ಬಂದಿತ್ತು. ಹೊರಗಿನ ಯಾರೋ ಮಾಡಿದ್ದು. ಬಣ್ಣ ಬಣ್ಣದ ಚಿತ್ರ, ಉದ್ದಕ್ಕೂ ಹುಲ್ಲುಹಾಸು, ಸಾಲಾಗಿ ಪಾಮ್ ಮರ, ನಡುವೆ ಕಾರಂಜಿ. ಆ ಚಿತ್ರದಲ್ಲಿ ಒಂದು ಕೊಡೆಯೂ ಇರಲಿಲ್ಲ. ನಮ್ಮ ಊರಿನ ಪಾರ್ಕಿನ ಚಿತ್ರದಲ್ಲಿ ಕೊಡೆ ಇಲ್ಲದಿದ್ದರೆ ಅದನ್ನು ಬಿಡಿಸಿದವರು ಇಲ್ಲಿ ಜುಲೈ ತಿಂಗಳು ಕಳೆದವರಲ್ಲ ಎಂದೇ ಅರ್ಥ.

ಮೊದಲ ಸಭೆ ಏಪ್ರಿಲ್‌ನಲ್ಲಿ, ಹಾಲ್‌ನೊಳಗೆ ಫ್ಯಾನಿನ ಕೆಳಗೆ ನಡೆಯಿತು. ಗೋಡೆಗೆ ನಕ್ಷೆ ಅಂಟಿಸಿದ್ದರು. ಹುಡುಗರಿಗೆ ಶಟಲ್ ಕೋರ್ಟ್ ಬೇಕು. ಬೆಳಗ್ಗೆ ನಡೆಯುವವರಿಗೆ ಇಂಟರ್‌ಲಾಕ್ ಹಾಕಿದ ದಾರಿ ಬೇಕು. ಒಬ್ಬರು ನಿವೃತ್ತ ಮಾಷ್ಟ್ರಿಗೆ ಯಕ್ಷಗಾನ ಆಡಿಸುವಷ್ಟು ಜಾಗ ಬೇಕು. ಕೆಳಗಿನ ಮನೆಯವರಿಗೆ ಪಾರ್ಕಿನ ನೀರು ಅವರ ಅಂಗಳಕ್ಕೆ ಬರಬಾರದು, ಉಳಿದದ್ದು ಏನು ಬೇಕಾದರೂ ಆಗಲಿ. ಕನ್ನಡ, ಮಲಯಾಳ, ತುಳು ಮೂರರಲ್ಲೂ ಜಗಳ ನಡೆಯಿತು. ಎರಡು ಗಂಟೆ ಕೂತರೂ ಒಂದು ಮಾತಿಗೆ ಬರಲಿಲ್ಲ. ಕಾಗದದ ಮೇಲೆ ಎಲ್ಲರಿಗೂ ಜಾಗ ಇರುತ್ತದೆ ಅಲ್ವಾ? ಅಲ್ಲಿ ಯಾರೂ ಏನನ್ನೂ ಬಿಟ್ಟುಕೊಡುವ ಅಗತ್ಯ ಬೀಳುವುದಿಲ್ಲ.

ನಾನು ಹೇಳಿದ್ದು ಒಂದೇ. ಮಳೆ ಹಿಡಿಯಲಿ, ಆಮೇಲೆ ಜಾಗದಲ್ಲೇ ಸೇರುವ. ಅಲ್ಲಿಯವರೆಗೆ ನಾನು ಗೆರೆ ಎಳೆಯುವುದಿಲ್ಲ.

ಇದಕ್ಕೆ ಲೆಕ್ಕವೂ ಇತ್ತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಅರ್ಧ ಎಕರೆ ಎಂದರೆ ಸುಮಾರು 2,000 ಚದರ ಮೀಟರ್. ಅಷ್ಟು ಜಾಗದ ಮೇಲೆ ವರ್ಷಕ್ಕೆ ಬೀಳುವ ನೀರು 70 ಲಕ್ಷ ಲೀಟರ್. ಒಂದೇ ದಿನ 100 ಮಿಲಿಮೀಟರ್ ಮಳೆ ಬಂದರೆ, ಅದು ನಮ್ಮಲ್ಲಿ ಅಪರೂಪವೇನೂ ಅಲ್ಲ, 2 ಲಕ್ಷ ಲೀಟರ್. ಇಷ್ಟು ನೀರು ಎಲ್ಲಿಗೆ ಹೋಗಬೇಕು ಎಂದು ಗೊತ್ತಿಲ್ಲದೆ ಬೆಂಚು ಎಲ್ಲಿ ಎಂದು ಜಗಳ ಮಾಡಿ ಏನು ಪ್ರಯೋಜನ?

ಜೂನ್ ಕೊನೆಯಲ್ಲಿ ಕೊಡೆ ಹಿಡಿದು ಸೇರಿದೆವು. ಸುಣ್ಣದ ಗೆರೆ ಮಳೆಗೆ ನಿಲ್ಲುವುದಿಲ್ಲ, ಹಾಗಾಗಿ ಬಿದಿರಿನ ಗೂಟ ಮತ್ತು ಪ್ಲಾಸ್ಟಿಕ್ ಹಗ್ಗ ತಂದಿದ್ದೆ. ಯಾರಿಗೆ ಏನು ಬೇಕೋ ಅದನ್ನು ಅವರೇ ಹಗ್ಗ ಕಟ್ಟಿ ತೋರಿಸಬೇಕು. ಶಟಲ್ ಹುಡುಗರು ಕೋರ್ಟಿನ ಅಳತೆಗೆ ಹಗ್ಗ ಕಟ್ಟಿದರು. ಕಟ್ಟಿದ ಮೇಲೆ ಅವರಿಗೇ ಗೊತ್ತಾಯಿತು, ಅರ್ಧ ಕೋರ್ಟು ನೀರಿನೊಳಗೆ. ನಾನು ಏನೂ ಹೇಳಬೇಕಾಗಲಿಲ್ಲ. ಅವರೇ ಗೂಟ ಕಿತ್ತು ಮೇಲಿನ ಬದಿಗೆ ಹೋದರು.

ಅದೇ ವಾರ ನೀರು ಇಂಗುವ ಪರೀಕ್ಷೆಯನ್ನೂ ಮಾಡಿದೆ. ತೋಟದ ಕೆಲಸ ಮಾಡುವವರು ಇದನ್ನು ಬಿಡಲೇಬಾರದು. ಒಂದಡಿ ಅಗಲ, ಎರಡಡಿ ಆಳದ ಗುಂಡಿ ಅಲ್ಲಲ್ಲಿ ತೆಗೆದು, ನೀರು ತುಂಬಿಸಿ, ಮಳೆ ಬೀಳದಂತೆ ತಗಡು ಮುಚ್ಚಿ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ನೋಡುವುದು. ತಗ್ಗಿನ ಮೂಲೆಯಲ್ಲೇ ನೀರು ಇಂಗಿಸಬೇಕು ಎಂದು ಎಲ್ಲರೂ ಹೇಳುತ್ತಿದ್ದರು. ನೀರು ಹೇಗೂ ಅಲ್ಲಿಗೇ ಬರುತ್ತದಲ್ಲ. ಆದರೆ ಆ ಮೂಲೆಯ ಗುಂಡಿಯ ನೀರು ಮರುದಿನವೂ ಹಾಗೇ ನಿಂತಿತ್ತು. ಅಡಿಯಲ್ಲಿ ಶೇಡಿಮಣ್ಣು, ನೀರು ಇಳಿಯಲು ಬಿಡದ ನುಣ್ಣಗಿನ ಜೇಡಿ. ನಡುವಿನ ಗುಂಡಿಯಲ್ಲಿ ತೂತು ತೂತಿನ ಮುರಕಲ್ಲು (ಲ್ಯಾಟರೈಟ್) ಸಿಕ್ಕಿತ್ತು, ಅಲ್ಲಿ ಬೆಳಗಾಗುವಾಗ ನೀರಿಲ್ಲ. ಮುರಕಲ್ಲಿನ ಅಡಿಯಲ್ಲಿ ಶೇಡಿ ಇರುವುದು ನಮ್ಮ ಗುಡ್ಡಗಳಿಗೆ ಸಾಮಾನ್ಯ. ಶೇಡಿ ನೀರು ಕುಡಿದರೆ ಮೆತ್ತಗಾಗಿ ಜಾರುತ್ತದೆ. ಇಳಿಜಾರಿನ ಅಂಚಿನಲ್ಲಿ, ಅದೂ ಇನ್ನೊಬ್ಬರ ಕಂಪೌಂಡಿನ ಬೆನ್ನಿಗೆ ಇಂಗುಗುಂಡಿ ತೋಡುವುದು ಅಪಾಯ. ಕೆಳಗಿನ ಮನೆಯವರು ಸುಮ್ನೆ ತಕರಾರು ಮಾಡುತ್ತಿದ್ದಾರೆ ಎಂದು ಬಹಳ ಜನ ತಿಳಿದಿದ್ದರು. ಅವರ ಮಾತಿನಲ್ಲಿ ಅರ್ಥ ಇತ್ತು.

ಹಾಗಾಗಿ ನೀರು ನಿಲ್ಲುವ ಜಾಗ ನಡುವಿಗೆ ಬಂತು. ಸುಮಾರು 300 ಚದರ ಮೀಟರ್ ವಿಸ್ತಾರ, ಒಂದೂವರೆ ಅಡಿ ಆಳದ ತಗ್ಗು. ತುಂಬಿದರೆ 1 ಲಕ್ಷದ 35 ಸಾವಿರ ಲೀಟರ್. ಜೋರು ಮಳೆಯ ದಿನದ ಪೂರ್ತಿ ನೀರು ಹಿಡಿಯುವುದಿಲ್ಲ, ಹೆಚ್ಚಾದದ್ದು ಕಲ್ಲು ಕಟ್ಟಿದ ಕಣಿಯಲ್ಲಿ ರಸ್ತೆ ಬದಿಯ ಚರಂಡಿಗೆ ಹೋಗಬೇಕು. ಕೆಳಗಿನ ಮನೆಯ ಕಡೆಗೆ ಒಂದು ಉದ್ದದ ದಿಬ್ಬ.

ಈಗ ಸೊಳ್ಳೆಯ ಜಗಳ ಶುರು. "ಪಾರ್ಕ್ ಕೇಳಿದರೆ ಡೆಂಗಿ ಕೊಡ್ತೀರಾ?" ಎಂದು ಒಬ್ಬರು ಅಕ್ಕ ನೇರವಾಗಿ ಕೇಳಿದರು. ಸರಿಯಾದ ಪ್ರಶ್ನೆಯೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರದ ಹತ್ತಿರ ಬೇಕು. ಮಳೆ ಬಿಟ್ಟ ಎರಡು ಮೂರು ದಿನದಲ್ಲಿ ತಗ್ಗು ಒಣಗಿದರೆ ಅಲ್ಲಿ ಸೊಳ್ಳೆ ಬೆಳೆಯುವುದಿಲ್ಲ. ಪರೀಕ್ಷೆಯ ಗುಂಡಿಯನ್ನೇ ತೋರಿಸಿದೆ. ನಂಬಿಕೆ ಬರಲಿಲ್ಲ. ಜೆಸಿಬಿ ತರಿಸಿ ನಡುವಿನ ಆ ತಗ್ಗಿನ ಒಂದು ಮೂಲೆಯನ್ನು ನಿಜವಾಗಿಯೇ ತೋಡಿ ಬಿಟ್ಟೆವು. ಅವರು ದಿನಾ ಬಂದು ನೋಡಿ ಹೋದರು. ಆಗಸ್ಟಿನಲ್ಲಿ ಮಳೆ ಎರಡು ದಿನ ಬಿಟ್ಟಾಗ ನೆಲ ಕಂಡಿತು, ಒಪ್ಪಿದರು. ಪಾರ್ಕಿನ ಸೊಳ್ಳೆಗಿಂತ ನಮ್ಮ ಮನೆಗಳ ತಾರಸಿಯ ಟಾರ್ಪಾಲು, ಅಂಗಳದ ತೆಂಗಿನ ಚಿಪ್ಪು, ರಬ್ಬರಿನ ಚಿಪ್ಪುಗಳಲ್ಲಿ ನಿಲ್ಲುವ ನೀರು ದೊಡ್ಡ ತೊಂದರೆ. ಆದರೆ ಅದನ್ನು ಸಭೆಯಲ್ಲಿ ಹೇಳಿದರೆ ಬೇರೆಯೇ ಜಗಳವಾಗುತ್ತಿತ್ತು.

ತಗ್ಗು ಒಪ್ಪಿಗೆಯಾದ ಮೇಲೆ ಮಾಷ್ಟ್ರು ಒಂದು ಮಾತು ಹೇಳಿದರು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಮಾತು ಅದು. "ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿ ಕಳೆದು ಶುರು, ಪತ್ತನಾಜೆಗೆ ಮುಗಿಯುತ್ತದೆ. ನಿಮ್ಮ ಕೆರೆಯಲ್ಲಿ ಆಗ ನೀರಿರುತ್ತದಾ?" ಇರುವುದಿಲ್ಲ. ಪತ್ತನಾಜೆ ಮೇ ತಿಂಗಳ ಕೊನೆಯ ವಾರ, ಮಳೆಗೆ ಸ್ವಲ್ಪ ಮೊದಲು. ಆಟದ ತಿಂಗಳುಗಳೂ ನೀರಿನ ತಿಂಗಳುಗಳೂ ಒಂದರ ಕಾಲಿಗೆ ಒಂದು ಅಡ್ಡ ಬರುವುದೇ ಇಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಪಕ್ಕದಲ್ಲೇ. ಇಲ್ಲಿ ಪಾರ್ಕಿನಲ್ಲಿ ಆಟಕ್ಕೆ ಜಾಗ ಇಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ? ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ರಂಗಸ್ಥಳ, ಉಳಿದ ಸಂಜೆ ಮಕ್ಕಳ ಆಟ. ಮೇಲಿನ ಬದಿಯ ಇಳಿಜಾರಿನಲ್ಲೇ ಕೂರಲು ಮುರಕಲ್ಲಿನ ಮೆಟ್ಟಿಲು ಕಟ್ಟಿದೆವು. ಅಲ್ಲಿಗೆ ಕಾಂಕ್ರೀಟ್ ಸ್ಟೇಜಿನ ಖರ್ಚೂ ಉಳಿಯಿತು. "ಇದು ನಮ್ಮ ಹಿಂದಿನವರ ಮದಕವೇ ಅಲ್ವಾ" ಎಂದರು ಒಬ್ಬರು ಅಜ್ಜ. ಗುಡ್ಡದ ಮೇಲೆ ನೀರು ನಿಲ್ಲಿಸಿ ಕೆಳಗಿನ ಬಾವಿ, ತೋಟಗಳಿಗೆ ಒಸರು ಕೊಡುವ ಮದಕ ನೋಡಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ಹುಲ್ಲುಹಾಸಿನ ವಿಷಯ ಬೇಗ ಮುಗಿಯಿತು. ಲಾನ್‌ಗೆ ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ಸಾವಿರ ಚದರ ಮೀಟರ್ ಲಾನ್ ಅಂದರೆ ದಿನಕ್ಕೊಂದು ಟ್ಯಾಂಕರ್. ಬಾವಿಕ್ಕರೆಯಲ್ಲಿ ಹೊಳೆಗೆ ತಡೆಗೋಡೆ ಆಗುವ ಮೊದಲು ಮಾರ್ಚ್ ಏಪ್ರಿಲ್‌ನಲ್ಲಿ ನಳ್ಳಿಯಲ್ಲಿ ಉಪ್ಪುನೀರು ಬರುತ್ತಿದ್ದುದು ಪೇಟೆಯ ಎಲ್ಲರಿಗೂ ನೆನಪಿದೆ. ಆದರೆ ಲಾನ್ ಬಿದ್ದುಹೋದದ್ದು ನೀರಿನಿಂದಲ್ಲ. ಕಳೆ ಬಂದರೆ ಏನು ಮಾಡುವುದು ಎಂದು ಯಾರೋ ಕೇಳಿದರು. ಔಷಧಿ ಹೊಡೆಯುವುದು ಎಂದು ಇನ್ನಾರೋ ಉತ್ತರಿಸಿದರು. ಸಭೆ ಒಮ್ಮೆಗೇ ತಣ್ಣಗಾಯಿತು. ಈ ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆದಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಕ್ಕೇ ನಿಷೇಧಿಸಿತು. ನಮ್ಮ ಸಭೆಯಲ್ಲಿ ಕೂತವರ ನೆಂಟರಲ್ಲೇ ಆ ಸಂಕಟ ಅನುಭವಿಸುತ್ತಿರುವ ಮನೆಗಳಿವೆ. ಪಾರ್ಕಿಗೆ ಯಾವ ವಿಷವೂ ಬರುವುದಿಲ್ಲ ಎಂದು ಅಲ್ಲಿಯೇ ಬರೆದು ಸಹಿ ಮಾಡಿದೆವು. ಲಾನ್ ಇಲ್ಲ. ಮಳೆಗೆ ತಾನಾಗಿ ಬರುವ ಹುಲ್ಲು, ತಿಂಗಳಿಗೊಮ್ಮೆ ಯಂತ್ರದಲ್ಲಿ ಕತ್ತರಿಸುವುದು, ಬೇಸಿಗೆಯಲ್ಲಿ ಒಣಗಿದರೆ ಒಣಗಲಿ.

ಗಾಲಿಕುರ್ಚಿಯ ಮಾತು ಬಂದದ್ದೂ ಆ ದಿನವೇ. ಒಬ್ಬ ತಾಯಿ ಎದ್ದು, "ನನ್ನ ಮಗಳನ್ನು ಎತ್ತಿಕೊಂಡು ಹೋಗುವ ಪ್ರಾಯ ಕಳೆಯಿತು, ಮೆಟ್ಟಿಲು ಇಟ್ಟರೆ ನಾವು ಬರುವುದಿಲ್ಲ" ಎಂದರು. ಅವರು ಕೇಳಿದ್ದು ಅಷ್ಟೇ. ಗಾಲಿಕುರ್ಚಿಗೆ ಒಂದಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕು. ನಮ್ಮ ತಗ್ಗಿಗೆ ಒಂದೂವರೆ ಅಡಿ ಇಳಿಯಲು 18 ಅಡಿ. ಅಷ್ಟು ಜಾಗ ಬಿಡಲು ಶಟಲ್ ಕೋರ್ಟು ಇನ್ನೊಂದು ಚೂರು ಸರಿಯಬೇಕಾಯಿತು, ಹುಡುಗರು ಕಮಕ್ ಕಿಮಕ್ ಎನ್ನಲಿಲ್ಲ. ದಾರಿಯನ್ನು ಆರಡಿ ಅಗಲ ಮಾಡಿದೆವು, ಎರಡು ಕುರ್ಚಿ ಎದುರುಬದುರಾದರೂ ದಾಟುವಷ್ಟು.

ದಾರಿಗೆ ಮುರಕಲ್ಲು ಹಾಸಬೇಕೆಂದು ಹಠ ಹಿಡಿದವರಿದ್ದರು. ನೋಡಲು ಚೆಂದ, ನಮ್ಮ ಊರಿನದು, ಎಲ್ಲ ನಿಜ. ನಾನು ಒಪ್ಪಲಿಲ್ಲ. ಎರಡು ಮಳೆ ಬಿದ್ದರೆ ಪಾಚಿ ಕಟ್ಟಿ ಜಾರುತ್ತದೆ, ಬೆಳಗ್ಗೆ ನಡೆಯಲು ಬರುವವರಲ್ಲಿ ಹೆಚ್ಚಿನವರು ಅರುವತ್ತು ದಾಟಿದವರು. ಮುರಕಲ್ಲು ಗೋಡೆಗೆ, ಮೆಟ್ಟಿಲಿಗೆ ಇರಲಿ. ನಡೆಯುವ ದಾರಿಗೆ ಪೊರಕೆಯಲ್ಲಿ ಗೆರೆ ಎಳೆದು ಒರಟು ಮಾಡಿದ ಕಾಂಕ್ರೀಟು, ನೀರು ಹರಿಯಲು ಒಂದು ಬದಿಗೆ ಸ್ವಲ್ಪ ಓರೆ. ಚೆಂದ ಕಡಿಮೆಯೇ. ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕಿಂತ ವಾಸಿ.

ಕಂಪೌಂಡಿನ ವಿಷಯದಲ್ಲಿ ಗಂಡಸರು ಆರಡಿ ಗೋಡೆ ಎಂದರು, ಹೆಂಗಸರು ಬೇಡ ಎಂದರು. ಗೋಡೆ ಎತ್ತರವಾದರೆ ಒಳಗೆ ಏನಾಗುತ್ತದೆಂದು ರಸ್ತೆಗೆ ಕಾಣುವುದಿಲ್ಲ, ಸಂಜೆ ನಾವು ಬರುವುದು ಹೇಗೆ ಎಂದರು. ಎರಡಡಿ ಗೋಡೆ, ಮೇಲೆ ಗ್ರಿಲ್. ಗೆದ್ದದ್ದು ಹೆಂಗಸರೇ. ಫಲಕದಲ್ಲಿ ಯಾವ ಭಾಷೆ ಮೊದಲು ಎಂಬ ಜಗಳವನ್ನು ಇಲ್ಲಿ ಬರೆಯುವುದಿಲ್ಲ, ಕಾಸರಗೋಡಿನವರಿಗೆ ಅದು ಗೊತ್ತೇ ಇದೆ. ಒಂದೇ ಸಾಲಿನಲ್ಲಿ ಅಕ್ಕಪಕ್ಕ, ಒಂದೇ ಅಳತೆಯ ಅಕ್ಷರ, ಕನ್ನಡ ಮತ್ತು ಮಲಯಾಳ.

ಮರಗಳ ಬಗ್ಗೆ ನಾನು ಸ್ವಲ್ಪ ಹಟಮಾರಿ. ಮೇ ಫ್ಲವರ್ ಬೇಡ ಎಂದೆ, ಬೇರು ಮೇಲೆಯೇ ಹರಡುತ್ತದೆ, ಮಳೆಗಾಲದ ಗಾಳಿಗೆ ಬೀಳುತ್ತದೆ. ಬೇಗ ಹಸಿರಾಗುತ್ತದೆಂದು ಕೊನೊಕಾರ್ಪಸ್ ಕೇಳಿದವರಿಗೆ ಗುಜರಾತ್ 2023ರಲ್ಲಿ ಅದನ್ನು ನಿಷೇಧಿಸಿದ್ದನ್ನು ಹೇಳಿದೆ. ರೆಂಜೆ, ಸುರಹೊನ್ನೆ, ನೇರಳೆ, ಪುನರ್ಪುಳಿ, ಅಂಚಿಗೆ ಕೇಪಳ, ಕುಂಟಾಲ. ನೇರಳೆ ಹಣ್ಣು ಬಿದ್ದು ದಾರಿಗೆ ಕಲೆ ಆಗುತ್ತದೆ ಎಂದರು, ದಾರಿಯಿಂದ ದೂರಕ್ಕೆ ಹೋಯಿತು. ಹಣ್ಣು ತಿನ್ನುವ ಮಕ್ಕಳಿಗೆ ದೂರ ಒಂದು ಲೆಕ್ಕವೇ?

ದೊಡ್ಡ ಚರ್ಚೆ ನಡೆದದ್ದು ಅಂಚಿನಲ್ಲಿ ಮೊದಲೇ ಇದ್ದ ಕಾಸರಕದ ಮರದ ಮೇಲೆ. 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಜೀವಿಯನ್ನು ಘೋಷಿಸಿಕೊಂಡಿತು. ಮರ ಎಂದು ಆರಿಸಿದ್ದು ಕಾಸರಕವನ್ನೇ. ಆದರೆ ಅದರ ಬೀಜದಲ್ಲಿರುವುದು ಸ್ಟ್ರಿಕ್ನಿನ್, ಕಡು ವಿಷ. ಹಣ್ಣು ಹಣ್ಣಾದಾಗ ಕಿತ್ತಳೆ ಬಣ್ಣ, ಸಣ್ಣ ಚೆಂಡಿನಷ್ಟು. ಮಕ್ಕಳ ಪಾರ್ಕಿನಲ್ಲಿ ಇದು ಇರಬೇಕಾ? ಕಡಿಯಿರಿ ಎಂದರು ಕೆಲವರು, ಜಿಲ್ಲೆಯ ಮರ ಕಡಿಯುತ್ತೀರಾ ಎಂದರು ಉಳಿದವರು. ಉಳಿಸಿದೆವು. ಸುತ್ತ ಮುಳ್ಳಿನ ಕರಂಡೆ ಗಿಡ ಒತ್ತೊತ್ತಾಗಿ ನೆಟ್ಟೆವು, ಎರಡು ಭಾಷೆಯಲ್ಲಿ ಎಚ್ಚರಿಕೆ ಬರೆಸಿದೆವು, ಹಣ್ಣು ಬೀಳುವ ಕಾಲದಲ್ಲಿ ದಿನಾ ಗುಡಿಸುವುದೆಂದು ಕೆಲಸದ ಪಟ್ಟಿಗೆ ಸೇರಿಸಿದೆವು.

ಪಾಲೆ (ಹಾಲೆ) ಮರ ನೆಡಿ ಎಂದು ಕೇಳಿದವರಿಗೆ ಮಾತ್ರ ಇಲ್ಲ ಎಂದೆ. ಅದರಲ್ಲಿ ಯಕ್ಷಿ ಕೂರುತ್ತಾಳೆ ಎಂಬ ಹೆದರಿಕೆಗಲ್ಲ, ಆ ಹೆದರಿಕೆ ಹೇಳಿದವರೂ ಇದ್ದರು. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಜನ ಪಾಲೆಯ ತೊಗಟೆ ಕೆತ್ತಿ ತಂದು ಕಷಾಯ ಮಾಡಿ ಕುಡಿಯುತ್ತಾರೆ. ಕತ್ತಲೆಯಲ್ಲಿ ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಅಪಾಯ. ಆ ಎರಡು ಮರವನ್ನು ಒಂದೇ ಅಂಗಳದಲ್ಲಿ ಬೆಳೆಸುವ ಕೆಲಸ ನನ್ನಿಂದ ಆಗದು.

ಗಿಡ ನೆಟ್ಟದ್ದು ಮರುವರ್ಷದ ಜೂನ್‌ನಲ್ಲಿ. ಗುಂಡಿಗಳನ್ನು ಬೇಸಿಗೆಯಲ್ಲೇ ತೆಗೆಸಿದ್ದೆ. ಗಟ್ಟಿ ಮುರಕಲ್ಲಿಗೆ ಪಿಕ್ಕಾಸಿ ಸಾಲದೆ ಯಂತ್ರ ತರಬೇಕಾಯಿತು. ತೆಂಗಿನ ಗುಂಡಿಗೆ ಆರು ತಿಂಗಳು ಮೊದಲು ಎರಡು ಕಿಲೋ ಉಪ್ಪು ಹಾಕಿ ಕಲ್ಲು ಸಡಿಲ ಮಾಡುವ ಕ್ರಮ ಉಂಟು, ಆದರೆ ಬೇರೆ ಮರಗಳಿಗೆ ಉಪ್ಪು ಹಾಕಲು ನನಗೆ ಮನಸ್ಸಾಗಲಿಲ್ಲ. ತೆಂಗಿನಿಂದ ತಂದದ್ದು ಇನ್ನೊಂದು ಉಪಾಯ. ಗುಂಡಿಯ ಅಡಿಗೆ ತೆಂಗಿನ ಸಿಪ್ಪೆಯನ್ನು ಒಳಬದಿ ಮೇಲೆ ಮಾಡಿ ಎರಡು ಪದರ ಜೋಡಿಸಿದರೆ ಬೇಸಿಗೆಗೆ ಒಳ್ಳೆ ತೇವ ಹಿಡಿಯುತ್ತದೆ. ಬುಡಕ್ಕೆ ತರಗೆಲೆ ದಪ್ಪಕ್ಕೆ ಮುಚ್ಚಿ. ಮೂರಡಿಯ ಗಿಡವೇ ಸಾಕು. ಹತ್ತಡಿಯ ಮರ ತಂದು ನೆಟ್ಟು ಉದ್ಘಾಟನೆಗೆ ಫೋಟೋ ತೆಗೆಸಿದರೆ ಮುಂದಿನ ಏಪ್ರಿಲ್‌ನಲ್ಲಿ ಕಟ್ಟಿಗೆ ಸಿಗುತ್ತದೆ.

ಶಟಲ್ ಹುಡುಗರಿಗೆ ಈಗ ರಾತ್ರಿ ದೀಪ ಬೇಕಂತೆ, ಪಕ್ಕದ ಮನೆಯವರಿಗೆ ಬೇಡವಂತೆ. ಗೇಟಿಗೆ ಸದ್ಯ ಎಂಟು ಗಂಟೆಗೆ ಬೀಗ ಬೀಳುತ್ತದೆ, ಯಕ್ಷಗಾನ ಆಟ ಇರುವ ರಾತ್ರಿ ಮಾತ್ರ ಇಲ್ಲ. ದೀಪದ ವಿಷಯ ಮುಂದಿನ ವಾರ್ಡ್ ಸಭೆಗೆ ಹೋಗಿದೆ. ಅದನ್ನೂ ರಾತ್ರಿ ಎಂಟರ ಮೇಲೆ ಪಾರ್ಕಿನಲ್ಲೇ ಸೇರಿ, ಒಂದು ದೀಪ ಹಚ್ಚಿ ನೋಡಿ ತೀರ್ಮಾನಿಸಿ ಎಂದು ಹೇಳಿದ್ದೇನೆ.