ಸ್ತನ ಕ್ಯಾನ್ಸರ್‌ ಚಿಕಿತ್ಸೆ: ಎರಡು ರೇಡಿಯೊಥೆರಪಿ ಪ್ಲಾನ್‌ಗಳನ್ನು ಹೋಲಿಸಿ ನೋಡುವುದು ಹೇಗೆ?

ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ವಿಕಿರಣ ಚಿಕಿತ್ಸೆಗೆ ಬಂದ ಮಹಿಳೆಗಾಗಿ ಒಂದೇ ಸಿಟಿ ಸ್ಕ್ಯಾನ್‌ ಮೇಲೆ ಎರಡು ಬಗೆಯ ಪ್ಲಾನ್ ಮಾಡಿ ನೋಡುವುದುಂಟು. ಎರಡರಲ್ಲೂ ಸ್ತನಕ್ಕೆ ಬೇಕಾದಷ್ಟು ಡೋಸ್ ಸಿಕ್ಕಿರುತ್ತದೆ. ವ್ಯತ್ಯಾಸವಿರುವುದು ಹೃದಯ, ಶ್ವಾಸಕೋಶ ಮತ್ತು ಇನ್ನೊಂದು ಸ್ತನದ ಪಾಲಿಗೆ ಎಷ್ಟು ಬಂತು, ಯಾವ ಜಾಗಕ್ಕೆ ಬಂತು ಎಂಬುದರಲ್ಲಿ. ಈ ಲೇಖನವನ್ನು ಪ್ಲಾನಿಂಗ್ ಕಲಿಯುತ್ತಿರುವವರಿಗಾಗಿ ಬರೆದಿದ್ದೇನೆ. ತಮ್ಮ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಏನು ಕೇಳಬೇಕೆಂದು ತಿಳಿಯಬಯಸುವವರಿಗೂ ಇದು ಉಪಯೋಗವಾದೀತು.

ಉದಾಹರಣೆಗೆ ಎಡ ಸ್ತನದ ಚಿಕಿತ್ಸೆಯನ್ನು ತೆಗೆದುಕೊಳ್ಳೋಣ. 15 ದಿನಗಳಲ್ಲಿ ಒಟ್ಟು 40 ಗ್ರೇ (ವಿಕಿರಣದ ಡೋಸ್ ಅಳೆಯುವ ಮಾನ) ಕೊಡಬೇಕಾಗಿದೆ. ಮೊದಲ ಪ್ಲಾನ್‌ನಲ್ಲಿ ಎದೆಗೂಡನ್ನು ಸವರಿಕೊಂಡು ಹೋಗುವಂತೆ ಎರಡು ಎದುರುಬದುರು ಓರೆ ಕಿರಣಗಳಿವೆ. ಇದನ್ನು ಟ್ಯಾಂಜೆಂಟ್ ಪ್ಲಾನ್ ಎನ್ನುತ್ತಾರೆ. ಎರಡನೆಯದರಲ್ಲಿ ಯಂತ್ರ ರೋಗಿಯ ಸುತ್ತ ಕಮಾನಿನಂತೆ ತಿರುಗುತ್ತಲೇ ಕಿರಣ ಕೊಡುತ್ತದೆ, ಇದು ವಿಮ್ಯಾಟ್.

ಮೊದಲು ಎರಡನ್ನೂ ಒಂದೇ ನೆಲೆಗೆ ತನ್ನಿ

ಅಂಕಿಗಳನ್ನು ನೋಡುವ ಮುನ್ನ ಎರಡೂ ಪ್ಲಾನ್‌ಗಳು ಒಂದೇ ಸ್ಕ್ಯಾನ್‌ನ ಮೇಲೆ, ಒಬ್ಬರೇ ಗುರುತಿಸಿದ ಅಂಗಗಳ ಗಡಿರೇಖೆಗಳ ಮೇಲೆ, ಒಂದೇ ಲೆಕ್ಕಾಚಾರದ ವಿಧಾನದಲ್ಲಿ ಸಿದ್ಧವಾಗಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಗಾಳಿ ತುಂಬಿದ ಶ್ವಾಸಕೋಶದೊಳಗೆ ಡೋಸ್ ಹೇಗೆ ಚದುರುತ್ತದೆ ಎಂಬುದನ್ನು ಹಳೆಯ ಸರಳ ವಿಧಾನಗಳು ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ, ಒಂದು ಪ್ಲಾನ್ ಹಳೆಯ ವಿಧಾನದಲ್ಲೂ ಇನ್ನೊಂದು ಹೊಸದರಲ್ಲೂ ಇದ್ದರೆ ನೀವು ಹೋಲಿಸುತ್ತಿರುವುದು ಪ್ಲಾನ್‌ಗಳನ್ನಲ್ಲ, ಲೆಕ್ಕದ ವಿಧಾನಗಳನ್ನು.

ಕಲಿಯುವವರು ಎಡವುವುದು ನಾರ್ಮಲೈಸೇಶನ್‌ನಲ್ಲಿ, ಅಂದರೆ ಗುರಿಭಾಗದ ಎಷ್ಟು ಪಾಲಿಗೆ ನಿಗದಿತ ಡೋಸ್ ಸಿಗಬೇಕೆಂದು ಇಡೀ ಪ್ಲಾನ್‌ನ ಮಟ್ಟವನ್ನು ಹೊಂದಿಸುವುದರಲ್ಲಿ. ಒಂದು ಪ್ಲಾನ್‌ನಲ್ಲಿ ಗುರಿಭಾಗದ ಅರ್ಧದಷ್ಟಕ್ಕೆ ಕನಿಷ್ಠ 40 ಗ್ರೇ ಸಿಗುವಂತೆ, ಇನ್ನೊಂದರಲ್ಲಿ ಶೇ 95ರಷ್ಟಕ್ಕೆ ಕನಿಷ್ಠ 40 ಗ್ರೇ ಸಿಗುವಂತೆ ಹೊಂದಿಸಿದ್ದರೆ, ಎರಡನೆಯದು ಒಟ್ಟಾರೆಯಾಗಿಯೇ ಹೆಚ್ಚು ಡೋಸ್‌ನ ಪ್ಲಾನ್ ಆಗಿರುತ್ತದೆ. ಅದರಲ್ಲಿ ಶ್ವಾಸಕೋಶದ ಅಂಕಿ ಹೆಚ್ಚಾಗಿ ಕಂಡರೆ ತಪ್ಪು ತಂತ್ರದ್ದಲ್ಲ. ಎರಡನ್ನೂ ಒಂದೇ ರೀತಿ ಹೊಂದಿಸಿದ ಮೇಲೆಯೇ ಮುಂದುವರಿಯಿರಿ.

ಅಂಗಗಳಿಗೆ ಹಾಕಿಕೊಳ್ಳುವ ಡೋಸ್ ಮಿತಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. 25 ದಿನಗಳಲ್ಲಿ 50 ಗ್ರೇ ಕೊಡುವ ಕ್ರಮದಲ್ಲಿ, 20 ಗ್ರೇ ಅಥವಾ ಅದಕ್ಕಿಂತ ಹೆಚ್ಚು ಪಡೆದ ಶ್ವಾಸಕೋಶದ ಪಾಲನ್ನು ಲೆಕ್ಕ ಹಾಕುವುದು ರೂಢಿ. ದಿನದ ಡೋಸ್ ಹೆಚ್ಚಾಗಿ ದಿನಗಳು ಕಡಿಮೆಯಾದಾಗ ಆ 20ನ್ನು ಹಾಗೆಯೇ ಎತ್ತಿಕೊಂಡು ಬರುವಂತಿಲ್ಲ. 5 ದಿನಗಳಲ್ಲಿ 26 ಗ್ರೇ ಕೊಟ್ಟು ನೋಡಿದ ಫಾಸ್ಟ್-ಫಾರ್ವರ್ಡ್ ಪ್ರಯೋಗದಲ್ಲಿ ಶ್ವಾಸಕೋಶಕ್ಕೆ ನೋಡಿದ ಮಟ್ಟ 8 ಗ್ರೇ.

ಗುರಿಭಾಗ, ಆಮೇಲೆ ಗ್ರಾಫ್

ಗುರಿಭಾಗವನ್ನು ನೋಡುವುದು ಬೇಗ ಮುಗಿಯುವ ಕೆಲಸ. ಹೆಚ್ಚಿನ ಭಾಗ ನಿಗದಿತ ಡೋಸ್‌ನ ಶೇ 95ರಿಂದ 107ರ ನಡುವೆ ಇದೆಯೇ, ಗಡ್ಡೆ ಇದ್ದ ಜಾಗಕ್ಕೆ ಡೋಸ್ ಪೂರ್ತಿ ಮುಟ್ಟಿದೆಯೇ, ಅತಿಹೆಚ್ಚು ಡೋಸ್‌ನ ಬಿಂದುಗಳು ಸ್ತನದ ಕೆಳಮಡಿಕೆಯಂಥ ಚರ್ಮ ಸುಲಭವಾಗಿ ಕೆರಳುವ ಕಡೆ ಬಿದ್ದಿವೆಯೇ ಎಂಬಷ್ಟನ್ನು ಪರೀಕ್ಷಿಸಿ.

ಆಮೇಲೆ ಅಂಗದ ಎಷ್ಟು ಭಾಗಕ್ಕೆ ಎಷ್ಟು ಡೋಸ್ ಬಂತೆಂದು ತೋರಿಸುವ ಡಿವಿಎಚ್ (ಡೋಸ್-ವಾಲ್ಯೂಮ್ ಹಿಸ್ಟೊಗ್ರಾಮ್) ಗ್ರಾಫ್ ತೆರೆಯಿರಿ. ಅಡ್ಡಗೆರೆಯಲ್ಲಿ ಡೋಸ್, ಉದ್ದಗೆರೆಯಲ್ಲಿ ಅಂಗದ ಶೇಕಡಾವಾರು ಭಾಗ ಇರುತ್ತದೆ. ನಮ್ಮ ಉದಾಹರಣೆಯ ಟ್ಯಾಂಜೆಂಟ್ ಪ್ಲಾನ್‌ನಲ್ಲಿ ಹೃದಯದ ಸರಾಸರಿ ಡೋಸ್ 1.8 ಗ್ರೇ, ವಿಮ್ಯಾಟ್‌ನಲ್ಲಿ 3.2 ಗ್ರೇ ಎಂದಿಟ್ಟುಕೊಳ್ಳಿ. ಮೊದಲನೆಯದೇ ಒಳ್ಳೆಯದೆಂದು ತೀರ್ಮಾನಿಸಲು ಮನಸ್ಸು ಓಡುತ್ತದೆ, ಆದರೆ ಗೆರೆಗಳನ್ನು ಬಲತುದಿಯವರೆಗೂ ಕಣ್ಣಿನಲ್ಲಿ ಹಿಂಬಾಲಿಸಿ. ಟ್ಯಾಂಜೆಂಟ್‌ನ ಗೆರೆ ಥಟ್ಟನೆ ಕೆಳಗಿಳಿದರೂ ಸಣ್ಣದೊಂದು ಬಾಲ 30 ಗ್ರೇ ದಾಟಿ ಹೋಗಿರುತ್ತದೆ. ವಿಮ್ಯಾಟ್‌ನ ಗೆರೆ ಎಡಗಡೆ ಎತ್ತರವಾಗಿದ್ದು 15 ಗ್ರೇಯೊಳಗೇ ಮುಗಿದಿರುತ್ತದೆ. ಒಂದರಲ್ಲಿ ಸ್ವಲ್ಪ ಜಾಗಕ್ಕೆ ಬಹಳ ಡೋಸ್, ಇನ್ನೊಂದರಲ್ಲಿ ಬಹಳ ಜಾಗಕ್ಕೆ ಸ್ವಲ್ಪ ಡೋಸ್.

ಆ ಬಾಲ ಎಲ್ಲಿದೆ ಎಂಬುದನ್ನು ಗ್ರಾಫ್ ಹೇಳುವುದಿಲ್ಲ. ಅದಕ್ಕಾಗಿ ಸ್ಕ್ಯಾನ್‌ನ ಪದರಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಸರಿಸಿ ನೋಡಲೇಬೇಕು. ಎಡ ಸ್ತನದ ಪ್ಲಾನ್‌ನಲ್ಲಿ ಹೃದಯದ ಮುಂತುದಿಯ ತೆಳು ಅಂಚೊಂದು ಎದೆಗೋಡೆಗೆ ಒರಗಿಕೊಂಡು ಕಿರಣದ ದಾರಿಯೊಳಗೆ ಬಂದಿರುತ್ತದೆ. ಹೃದಯದ ಮುಂಭಾಗಕ್ಕೆ ರಕ್ತ ಒದಗಿಸುವ ಎಲ್‌ಎಡಿ ಎಂಬ ರಕ್ತನಾಳ ಹಾದುಹೋಗುವುದು ಆ ಅಂಚಿನಲ್ಲಿಯೇ. ಇಡೀ ಹೃದಯದ ಸರಾಸರಿ ತೆಗೆದರೆ ಈ ತೆಳು ಅಂಚು ಲೆಕ್ಕದಲ್ಲಿ ಕರಗಿಹೋಗುತ್ತದೆ. ಎಲ್‌ಎಡಿಯನ್ನು ಪ್ರತ್ಯೇಕವಾಗಿ ಗುರುತಿಸಿ ಅದರ ಡೋಸ್ ನೋಡದೆ ಎಡ ಸ್ತನದ ಪ್ಲಾನ್‌ಗಳನ್ನು ಹೋಲಿಸಿದರೆ ಹೋಲಿಕೆ ಪೂರ್ಣವಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪದರಗಳನ್ನು ನೋಡುವಾಗಲೇ ಬಲ ಸ್ತನವನ್ನೂ ಗಮನಿಸಿ. ವಿಮ್ಯಾಟ್‌ನಲ್ಲಿ 5 ಗ್ರೇ ಡೋಸ್ ತಲುಪಿದ ಜಾಗದ ಗಡಿಗೆರೆ ಎರಡೂ ಶ್ವಾಸಕೋಶಗಳಿಗೆ ಹರಡಿ, ಬಲ ಸ್ತನದ ಒಳಮಗ್ಗುಲನ್ನೂ ಮುಟ್ಟಿರುವುದು ಕಾಣಬಹುದು. ಚಿಕ್ಕ ವಯಸ್ಸಿನವರಲ್ಲಿ ಇದು ಹಗುರವಾದ ಮಾತಲ್ಲ, ಏಕೆಂದರೆ ಮುಂದೆ ಆ ಸ್ತನದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆಗೆ ವಿಕಿರಣವೂ ಅಷ್ಟಿಷ್ಟು ಸೇರುತ್ತದೆ.

ಅಂಕಿಯನ್ನು ಆ ಮಹಿಳೆಗೆ ಹೊಂದಿಸಿ ತೂಗಿ

2013ರಲ್ಲಿ ಪ್ರಕಟವಾದ, ಸ್ವೀಡನ್ ಮತ್ತು ಡೆನ್ಮಾರ್ಕ್‌ನ 2168 ಮಹಿಳೆಯರ ಅಧ್ಯಯನವೊಂದರಲ್ಲಿ ಹೃದಯದ ಸರಾಸರಿ ಡೋಸ್ ಒಂದು ಗ್ರೇ ಹೆಚ್ಚಿದಂತೆಲ್ಲ ಹೃದಯಾಘಾತದಂಥ ತೊಂದರೆಯ ಸಂಭವ ಶೇ 7.4ರಷ್ಟು ಏರುವುದು ಕಂಡುಬಂತು. ಈ ಏರಿಕೆ ಆಕೆಗೆ ಮೊದಲೇ ಇದ್ದ ಸಂಭವದ ಮೇಲಿನದು ಎಂಬುದನ್ನು ಮರೆಯಬಾರದು. ನಮ್ಮ ಎರಡು ಪ್ಲಾನ್‌ಗಳ ನಡುವಿನ 1.4 ಗ್ರೇ ವ್ಯತ್ಯಾಸ, ಮೂಲ ಸಂಭವ ಶೇ 2 ಇರುವವರಲ್ಲಿ ಸುಮಾರು ಶೇಕಡಾ 0.2 ಅಂಶದಷ್ಟು ಅಂತರ ಮಾಡಿದರೆ, ರಕ್ತದೊತ್ತಡ, ಮಧುಮೇಹ, ಧೂಮಪಾನಗಳಿಂದಾಗಿ ಅದು ಶೇ 8 ಇರುವವರಲ್ಲಿ ಶೇಕಡಾ 0.8 ಅಂಶದಷ್ಟು ಅಂತರ ಮಾಡುತ್ತದೆ. ಆದ್ದರಿಂದ ಪ್ಲಾನ್‌ಗಳನ್ನು ತೂಗುವ ಹೊತ್ತಿಗೆ ಆಕೆಯ ವಯಸ್ಸು ಮತ್ತು ಹೃದಯದ ಆರೋಗ್ಯದ ವಿವರ ಮುಂದೆಯೇ ಇರಬೇಕು.

ಇಷ್ಟಾದ ಮೇಲೆ, ಆಯ್ಕೆ ಈ ಎರಡರಲ್ಲೇ ಮುಗಿಯಬೇಕೇ ಎಂದೂ ಕೇಳಿಕೊಳ್ಳಿ. ದೀರ್ಘವಾಗಿ ಉಸಿರೆಳೆದು ಹಿಡಿದಾಗ ಶ್ವಾಸಕೋಶ ಉಬ್ಬಿ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ. ಸುಮಾರು 20 ಸೆಕೆಂಡ್ ಉಸಿರು ಹಿಡಿಯಬಲ್ಲವರಿಗೆ ಆ ಸ್ಥಿತಿಯಲ್ಲೇ ಸ್ಕ್ಯಾನ್ ಮಾಡಿ ಟ್ಯಾಂಜೆಂಟ್ ಪ್ಲಾನ್ ಹಾಕಿದರೆ, 30 ಗ್ರೇ ದಾಟುತ್ತಿದ್ದ ಆ ಬಾಲ ಎಷ್ಟೋ ಸಲ ಇಲ್ಲವೇ ಆಗುತ್ತದೆ. ವಿಮ್ಯಾಟ್‌ನ ಹರಡಿಕೊಂಡ ಕಡಿಮೆ ಡೋಸ್‌ನ ಚಿಂತೆಯೂ ಇರುವುದಿಲ್ಲ. ಕಂಕುಳು ಮತ್ತು ಎದೆಮೂಳೆಯ ಪಕ್ಕದ ಗ್ರಂಥಿಗಳಿಗೂ ಡೋಸ್ ಕೊಡಬೇಕಾದಾಗ ಮಾತು ಬೇರೆ. ಅಲ್ಲಿ ವಿಮ್ಯಾಟ್ ಹೆಚ್ಚಾಗಿ ತನ್ನ ಬೆಲೆ ಉಳಿಸಿಕೊಳ್ಳುತ್ತದೆ.

ಆರಿಸಿದ ಪ್ಲಾನ್‌ನ ಜೊತೆ, ಅದನ್ನೇ ಏಕೆ ಆರಿಸಲಾಯಿತು ಎಂಬುದನ್ನೂ ಬಿಟ್ಟ ಪ್ಲಾನ್‌ನ ಅಂಕಿಗಳನ್ನೂ ಕಡತದಲ್ಲಿ ಬರೆದಿಡಿ. ಮೊದಲ ದಿನ ಯಂತ್ರದ ಮೇಲೆ ತೆಗೆದ ಚಿತ್ರದಲ್ಲಿ ಹೃದಯದ ಅಂಚು ಪ್ಲಾನ್‌ನಲ್ಲಿ ಇದ್ದುದಕ್ಕಿಂತ ಹೆಚ್ಚು ಒಳಗೆ ಬಂದಿದ್ದು, ಉಸಿರನ್ನು ಮತ್ತೆ ಮತ್ತೆ ಹಿಡಿಸಿ ನೋಡಿದರೂ ಸರಿಹೋಗದಿದ್ದರೆ, ಎರಡನೆಯ ಪ್ಲಾನನ್ನು ಮತ್ತೆ ತೆರೆಯಬೇಕಾಗುತ್ತದೆ.